ತಾಳೆಯ ಗಂಡು ಹೊಂಬಾಳೆಯಲ್ಲಿ ಕರಿಎಳ್ಳಿನಷ್ಟು ಹುಳು: ಔಷಧಿ ಹೊಡೆಯಬೇಕೇ, ಬಿಡಬೇಕೇ?

ಕೊಪ್ಪದ ಬೆಳೆಗಾರ

ಎಲ್ಲರಿಗೂ ನಮಸ್ಕಾರ. ಮದ್ದೂರು ತಾಲ್ಲೂಕಿನ ಕೊಪ್ಪದ ಬಳಿ ನಮ್ಮದು ನಾಲ್ಕು ಎಕರೆ ತಾಳೆ ತೋಟ. ತಾಳೆ ಎಂದರೆ ತಾಟಿನಿಂಗು ಬಿಡುವ ಮರವಲ್ಲ, ಎಣ್ಣೆ ತೆಗೆಯುವ ತಾಳೆ. ನೆಂಟರಿಷ್ಟರಿಗೆಲ್ಲ ಇದನ್ನು ಬಿಡಿಸಿ ಹೇಳಿ ಹೇಳಿ ಸಾಕಾಗಿರುವುದರಿಂದ ಇಲ್ಲಿಯೂ ಮೊದಲೇ ಹೇಳಿಬಿಡುತ್ತೇನೆ. ಒಂಬತ್ತು ಮೀಟರ್ ಅಂತರದ ತ್ರಿಕೋನ ಪದ್ಧತಿಯಲ್ಲಿ ಎಕರೆಗೆ 57ರ ಲೆಕ್ಕದಲ್ಲಿ ಸಸಿ ನೆಟ್ಟು ಈಗ ಐದನೆಯ ವರ್ಷ ನಡೆಯುತ್ತಿದೆ. ಮೊದಲ ಮೂರು ವರ್ಷ ಬಂದ ಹೂವನ್ನೆಲ್ಲ, ಕಾಂಡ ಬಲಿಯಲಿ ಎಂದು, ಹೇಳಿಕೊಟ್ಟಂತೆ ಕಿತ್ತುಹಾಕಿದೆವು.

ಈಗ ಗೊನೆಗಳೇನೋ ಬರುತ್ತಿವೆ. ಆದರೆ ಒಂದು ಗೊನೆಯನ್ನು ಒಡೆದು ನೋಡಿದರೆ ಹೊರಗಿನ ಸಾಲಿನಲ್ಲಿ ಮಾತ್ರ ದುಂಡಗಿನ ಕೆಂಪು ಹಣ್ಣುಗಳಿದ್ದು, ಒಳಗೆ ಬೆರಳ ತುದಿಯಷ್ಟೂ ಇಲ್ಲದ, ಬೀಜವೇ ಕಟ್ಟದ ಜೊಳ್ಳು ತುಂಬಿಕೊಂಡಿರುತ್ತದೆ. ತೂಕ ಹಾಕಿಸುವಾಗ ಮುಖ ಎತ್ತಲಾಗುವುದಿಲ್ಲ. ಕಳೆದ ವಾರ ಒಂದು ಗಂಡು ಹೊಂಬಾಳೆಯ ಮೇಲೆ ಕರಿಎಳ್ಳನ್ನು ಚೆಲ್ಲಿದಂತೆ ಪುಟ್ಟ ಹುಳುಗಳು ಹರಿದಾಡುತ್ತಿದ್ದುದನ್ನು ಕಂಡೆ. ಕಾಯಿ ಕಚ್ಚದಿರುವುದಕ್ಕೆ ಇವೇ ಕಾರಣವಿರಬಹುದೆಂದು ನಮ್ಮ ಆಳು ಅದನ್ನೂ, ಒಣಗಿ ಜೋತುಬಿದ್ದಿದ್ದ ಹಳೆಯ ಗಂಡು ಹೊಂಬಾಳೆಗಳನ್ನೂ ಕಡಿದು ಬದುವಿನಲ್ಲಿ ಸುಟ್ಟುಹಾಕಿದ. ಉಳಿದವುಗಳಿಗೆ ಯಾವ ಔಷಧಿ ಹೊಡೆಯಬೇಕೆಂದು ತಿಳಿದವರು ದಯವಿಟ್ಟು ಹೇಳಬೇಕು.

ಪಾಂಡವಪುರದ ತೆಂಗು

ಅಣ್ಣ, ಮೂತಿ ಇದ್ದರೆ ಅದು ಮೂತಿ ಹುಳುವೇ, ಅನುಮಾನ ಬೇಡ. ನಮ್ಮ ತೋಟದಲ್ಲಿ ಕೆಂಪು ಮೂತಿ ಹುಳು ಬಿದ್ದು ಹದಿನೆಂಟು ವರ್ಷದ ಹನ್ನೊಂದು ತೆಂಗಿನ ಮರಗಳು ಸುಳಿ ಕಳಚಿ ನೆಲಕ್ಕೆ ಬಂದವು. ಹುಳು ಚಿಕ್ಕದಿರುವಾಗಲೇ ಹೊಡೆದುಬಿಡುವುದು ಲೇಸು. ಹೊಂಬಾಳೆ ನೆನೆಯುವಂತೆ ಎರಡು ಸಲ ಹೊಡೆಯಿರಿ.

ಸರಸ್ವತಿಪುರಂ ನಿವೃತ್ತ

ದಯಮಾಡಿ ಹೊಡೆಯಬೇಡಿ. ನಾನು ಮೈಸೂರಿನಲ್ಲಿ ಮೂವತ್ತು ವರ್ಷ ಪ್ರಾಣಿಶಾಸ್ತ್ರ ಪಾಠ ಮಾಡಿದವನು, ತೋಟಗಾರನಲ್ಲ. ಆದರೆ ತಾವು ವರ್ಣಿಸಿದ ಹುಳುವನ್ನು ಬಲ್ಲೆ. ಎಲೀಡೋಬಿಯಸ್ ಕಮೆರೂನಿಕಸ್ ಎಂಬುದು ಅದರ ಶಾಸ್ತ್ರೀಯ ಹೆಸರು. ಕಮೆರೂನಿಕಸ್ ಎಂದರೆ ಕ್ಯಾಮರೂನಿನದು ಎಂದರ್ಥ. ಪಾಂಡವಪುರದ ಗೆಳೆಯರು ಹೇಳಿದಂತೆ ಅದು ಮೂತಿ ಹುಳುಗಳ ದೊಡ್ಡ ಬಳಗಕ್ಕೆ ಸೇರಿದ್ದೇ ನಿಜವಾದರೂ, ಒಂದೇ ಬಳಗದವರೆಲ್ಲ ಒಂದೇ ಕಸುಬು ಮಾಡಬೇಕೆಂದೇನೂ ಇಲ್ಲವಲ್ಲ. ಕೆಂಪು ಮೂತಿ ಹುಳು ಸುಮಾರು ಮೂರು ಸೆಂಟಿಮೀಟರ್ ಉದ್ದವಿದ್ದು ಕಾಂಡದೊಳಗೆ ಸುರಂಗ ಕೊರೆಯುತ್ತದೆ. ಇದು ಮೂರು ನಾಲ್ಕು ಮಿಲಿಮೀಟರ್ ಮೀರುವುದಿಲ್ಲ, ಕಾಂಡವನ್ನಾಗಲಿ ಗರಿಯನ್ನಾಗಲಿ ಕಾಯನ್ನಾಗಲಿ ಮುಟ್ಟುವುದಿಲ್ಲ. ತಮ್ಮ ಗೊನೆಯಲ್ಲಿ ಕಾಯಿ ಕಚ್ಚಬೇಕಾದರೆ ಈ ಹುಳುವೇ ಬೇಕು.

ಸ್ವಲ್ಪ ವಿವರವಾಗಿ ಹೇಳುತ್ತೇನೆ. ತಾಳೆಯ ಒಂದೇ ಮರದಲ್ಲಿ ಗಂಡು ಹೊಂಬಾಳೆಯೂ ಹೆಣ್ಣು ಹೊಂಬಾಳೆಯೂ ಬರುತ್ತವೆ, ಆದರೆ ಸಾಮಾನ್ಯವಾಗಿ ಒಂದೇ ಕಾಲಕ್ಕೆ ಬರುವುದಿಲ್ಲ. ಕೆಲವು ತಿಂಗಳು ಬರೀ ಗಂಡು, ಆಮೇಲೆ ಕೆಲವು ತಿಂಗಳು ಬರೀ ಹೆಣ್ಣು. ಹೀಗಾಗಿ ಒಂದು ಮರದ ಹೆಣ್ಣು ಹೂವಿಗೆ ಬೇರೊಂದು ಮರದ ಪರಾಗ ಬರಬೇಕು. ಗಂಡು ಹೊಂಬಾಳೆಯಲ್ಲಿ ನೂರಕ್ಕೂ ಹೆಚ್ಚು ಕಡ್ಡಿಗಳಿದ್ದು, ಪ್ರತಿ ಕಡ್ಡಿಯ ಮೈತುಂಬ ನೂರಾರು ಕಿರುಹೂಗಳು ನಾಲ್ಕೈದು ದಿನ ಅರಳುತ್ತವೆ. ಆಗ ಹೊಮ್ಮುವ ಸೋಂಪಿನಂಥ ವಾಸನೆಗೆ ಈ ಹುಳುಗಳು ಸಾವಿರ ಸಾವಿರವಾಗಿ ಬಂದು ಮುತ್ತುತ್ತವೆ. ಅಲ್ಲೇ ಉಣ್ಣುತ್ತವೆ, ಅಲ್ಲೇ ಕೂಡುತ್ತವೆ, ಹೆಣ್ಣು ಹುಳು ತನ್ನ ನೀಳ ಮೂತಿಯಿಂದ ಕಿರುಹೂವನ್ನು ತೂತು ಮಾಡಿ ಅಲ್ಲೇ ಮೊಟ್ಟೆ ಇಡುತ್ತದೆ. ಹೆಣ್ಣು ಹೊಂಬಾಳೆಯೂ ಅರಳಿದಾಗ ಅದೇ ಸೋಂಪಿನ ವಾಸನೆಯನ್ನು, ಆದರೆ ತುಸು ಮೆಲುವಾಗಿ, ಬೀರುತ್ತದೆ. ಮೈಗೆ ಪರಾಗ ಮೆತ್ತಿಕೊಂಡ ಹುಳು ಗಂಡು ಹೂವೆಂದೇ ನಂಬಿ ಅಲ್ಲಿಗೂ ಹೋಗುತ್ತದೆ. ಅಲ್ಲಿ ಅದಕ್ಕೆ ಮೊಟ್ಟೆಯಿಡುವ ಜಾಗವಿಲ್ಲ, ಮರಿಗೆ ಊಟವಿಲ್ಲ. ಹೀಗೆ ಮೋಸಹೋಗಿ ಅತ್ತಿತ್ತ ತಡಕಾಡುವಾಗ ಉದುರಿದ ಪರಾಗವೇ ತಮ್ಮ ಕಾಯಿ. ಸುವರ್ಣಗೆಡ್ಡೆಯ ಹೂವು ಕೊಳೆತ ಮಾಂಸದ ನಾತ ಬೀರಿ ದುಂಬಿಗಳನ್ನು ಕರೆಸಿಕೊಳ್ಳುವುದನ್ನು ತಾವು ಹಿತ್ತಲಲ್ಲಿ ಕಂಡಿರಬಹುದು. ಈ ಹೂವಿನ ವ್ಯವಹಾರವೂ ಅದೇ ಬಗೆಯದು, ವಾಸನೆ ಮಾತ್ರ ಚೆನ್ನಾಗಿದೆ.

ತಮ್ಮ ತೋಟದಲ್ಲಿ ಆಗಿರುವ ನಿಜವಾದ ತಪ್ಪು ಒಣಗಿದ ಹೊಂಬಾಳೆಗಳನ್ನು ಸುಟ್ಟದ್ದು. ಮೊಟ್ಟೆಯೊಡೆದ ಮರಿಹುಳುಗಳು ಬೆಳೆಯುವುದು ಪರಾಗ ಉದುರಿ ಕಂದುಬಣ್ಣಕ್ಕೆ ತಿರುಗಿದ ಆ ಕಡ್ಡಿಗಳೊಳಗೇ. ಮೊಟ್ಟೆಯಿಂದ ರೆಕ್ಕೆಹುಳುವಾಗುವವರೆಗೆ ಹೆಚ್ಚುಕಡಿಮೆ ಎರಡು ವಾರ ಬೇಕು. ಕಸವೆಂದು ತಾವು ಬೆಂಕಿಗೆ ಹಾಕಿದ್ದು ಮುಂದಿನ ತಲೆಮಾರಿನ ತೊಟ್ಟಿಲನ್ನು.

ಹುಣಸೂರು ತೋಟದವಳು

ಮೇಷ್ಟ್ರು ಹೇಳಿದ್ದು ಸರಿ. ನಮ್ಮದು ಹನ್ನೆರಡು ವರ್ಷದ ತೋಟ. ನಾನು ಪುಸ್ತಕ ಓದಿ ತಿಳಿದವಳಲ್ಲ, ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ, ಕೊಪ್ಪದ ಅಣ್ಣನವರೂ ಮಾಡಿ ನೋಡಬಹುದು.

ಬೆಳಿಗ್ಗೆ ಬಿಸಿಲೇರಿದ ಮೇಲೆ, ಹಳದಿ ಹಿಟ್ಟು ಹಾರುತ್ತಿರುವ ಗಂಡು ಹೊಂಬಾಳೆಯ ಕೆಳಗೆ ಒಂದು ಬಿಳಿ ಪಂಚೆ ಹಿಡಿದು ಕೋಲಿನಿಂದ ಮೆಲ್ಲಗೆ ತಟ್ಟಬೇಕು. ಮೊದಲು ಪರಾಗ ಉದುರುತ್ತದೆ, ಅದರ ಹಿಂದೆಯೇ ಹುಳುಗಳು. ಒಂದು ಕ್ಷಣ ಪಂಚೆಯ ಮೇಲೆ ಎಳ್ಳು ಹರವಿದಂತೆ ಕಾಣುತ್ತದೆ, ಮರುಕ್ಷಣಕ್ಕೆ ಎಳ್ಳಿಗೆ ಕಾಲು ಬರುತ್ತವೆ. ಮಗನ ಶಾಲೆಯ ಭೂತಕನ್ನಡಿಯಲ್ಲಿ ನೋಡಿದಾಗ ಎರಡು ಬಗೆ ಕಂಡವು. ಗಂಡು ತುಸು ದೊಡ್ಡದು, ಮೂತಿ ಮೋಟು, ಬೆನ್ನಿನ ಮೇಲೆ ರೆಕ್ಕೆಚಿಪ್ಪು ಶುರುವಾಗುವಲ್ಲಿ ಎರಡು ಸಣ್ಣ ಗುಬುಟುಗಳಿರುತ್ತವೆ. ಹೆಣ್ಣು ಚಿಕ್ಕದು, ನುಣುಪು, ಮೂತಿ ಉದ್ದ. ಎರಡರ ಮೈಮೇಲೂ ಅರಿಶಿನ ಮೆತ್ತಿದ ಹಾಗೆ ಪರಾಗ ಹತ್ತಿಕೊಂಡಿತ್ತು.

ಇನ್ನು ಒಣಗಿದ ಹೊಂಬಾಳೆಯಿಂದ ಒಂದು ಕಡ್ಡಿಯನ್ನು ಮುರಿದು ಉಗುರಿನಿಂದ ಕಿರುಹೂಗಳನ್ನು ಒಂದೊಂದಾಗಿ ಬಿಡಿಸಿದರೆ, ಒಳಗೆ ಕೆನೆಬಣ್ಣದ, ಕಾಲೇ ಇಲ್ಲದ, ಬಾಗಿ ಮಲಗಿದ ಮರಿ ಸಿಗುತ್ತದೆ. ಕೆಲವು ಕಿರುಹೂಗಳಲ್ಲಿ ಮರಿ ಇರುವುದಿಲ್ಲ, ಸೂಜಿ ಚುಚ್ಚಿದಂಥ ದುಂಡು ತೂತು ಮಾತ್ರ ಇರುತ್ತದೆ. ಬೆಳೆದ ಹುಳು ಹೊರಟುಹೋದ ಬಾಗಿಲು ಅದು. ಇಲಿಗಳಿಗೂ ಈ ಗುಟ್ಟು ತಿಳಿದಿದೆ, ಮರಿ ತಿನ್ನಲು ಒಣ ಹೊಂಬಾಳೆಯನ್ನು ಕಚ್ಚಿ ಎಳೆದಾಡಿ ಕೆಡಿಸುತ್ತವೆ.

ಒಂದು ಮಾತು ಮೇಷ್ಟ್ರಿಗೆ. ಕಾಯಿ ಕಚ್ಚದಿದ್ದರೆ ಎಲ್ಲವನ್ನೂ ಹುಳುವಿನ ತಲೆಗೆ ಕಟ್ಟುವುದೂ ಸರಿಯಲ್ಲ. ಜಡಿಮಳೆ ಹಿಡಿದ ವಾರಗಳಲ್ಲಿ ಹುಳುವಿದ್ದರೂ ಅದು ಹಾರುವುದಿಲ್ಲ, ಪರಾಗ ತೊಳೆದುಹೋಗುತ್ತದೆ. ಅಂಥ ವಾರದಲ್ಲಿ ಅರಳಿದ ಹೂವಿನ ಗೊನೆ ಐದಾರು ತಿಂಗಳು ಕಳೆದು ಹಣ್ಣಾಗುವಾಗ ಜೊಳ್ಳು ಕಾಣುತ್ತದೆ. ಆಗ ನಮಗೆ ಆ ಮಳೆ ನೆನಪಿರುವುದಿಲ್ಲ.

ಕೊಪ್ಪದ ಬೆಳೆಗಾರ

ಮೇಷ್ಟ್ರೇ, ಅಕ್ಕ, ಇಬ್ಬರಿಗೂ ಕೈಮುಗಿದೆ. ಔಷಧಿ ತಂದು ಮನೆಯಲ್ಲಿಟ್ಟಿದ್ದೆ, ಹೊಡೆಯಲಿಲ್ಲ. ಆದರೆ ಒಂದು ಸಂಗತಿ ತಲೆಗೆ ಹತ್ತುತ್ತಿಲ್ಲ. ಈ ಹುಳುವಿಗೆ ನಮ್ಮ ತೋಟದ ಹೊರಗೆ ಬೇರೆ ನೆಲೆಯೇ ಇಲ್ಲವೇ? ಸುತ್ತ ಕಬ್ಬು, ಭತ್ತ, ಬದುವಿನಲ್ಲಿ ತೆಂಗು, ಹೊಂಗೆ, ಲಂಟಾನ ಎಲ್ಲವೂ ಇವೆ. ಗಂಡು ಹೊಂಬಾಳೆ ಇಲ್ಲದ ದಿನಗಳಲ್ಲಿ ಅಲ್ಲೆಲ್ಲಾದರೂ ಹೋಗಿ ಬದುಕಿಕೊಳ್ಳುವುದಿಲ್ಲವೇ? ಅದರ ಮೂಲಸ್ಥಾನದಲ್ಲಿ ಅದು ಹೇಗೆ ಬಾಳುತ್ತದೆ?

ಸರಸ್ವತಿಪುರಂ ನಿವೃತ್ತ

ಈ ಹುಳುವಿನ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ಇದೇ.

ತಾಳೆಯ ತವರು ಪಶ್ಚಿಮ ಹಾಗೂ ಮಧ್ಯ ಆಫ್ರಿಕಾ. ಗಿನಿ ಕೊಲ್ಲಿಯ ಉದ್ದಕ್ಕೂ, ದಕ್ಷಿಣದಲ್ಲಿ ಅಂಗೋಲಾದವರೆಗೂ ಅದು ತಾನಾಗಿ ಬೆಳೆಯುತ್ತದೆ. ದಟ್ಟ ಕಾಡಿನ ನಡುವೆ ಬೆಳೆಯುತ್ತದೆಂದು ಭಾವಿಸಬೇಡಿ; ಅದಕ್ಕೆ ಬೆಳಕು ಬೇಕು. ಹೊಳೆಯಂಚು, ಜೌಗು ಜಾಗದ ಪಕ್ಕ, ಕಾಡಿನ ಅಂಚು, ಜನ ಕಡಿದು ಬೇಸಾಯ ಮಾಡಿ ಬಿಟ್ಟುಹೋದ ಹೊಲ, ಊರಿನ ಸುತ್ತಮುತ್ತ, ಇಂಥ ಕಡೆಗಳಲ್ಲಿ ತೋಪು ತೋಪಾಗಿ ಏಳುತ್ತದೆ. ಜನ ಬೀಜ ಎಸೆದಲ್ಲೆಲ್ಲ ಹುಟ್ಟಿಕೊಳ್ಳುವುದರಿಂದ ಆ ತೋಪುಗಳನ್ನು ಪೂರ್ತಿ ಕಾಡೆನ್ನಲೂ ಆಗದು, ತೋಟವೆನ್ನಲೂ ಆಗದು. ನಮ್ಮಲ್ಲಿ ಹಳ್ಳದ ದಂಡೆಯ ಈಚಲುಗುಂಪು ಇರುತ್ತದಲ್ಲ, ಹಾಗೆ ಎಂದುಕೊಳ್ಳಿ. ಅಂಥ ತೋಪಿನಲ್ಲಿ ಮುದಿ ಮರ, ನಡುವಯಸ್ಸಿನ ಮರ, ಎಳೆಯ ಸಸಿ ಎಲ್ಲವೂ ಬೆರೆತಿರುತ್ತವೆ. ಒಂದರ ಗಂಡು ಸರದಿ ಮುಗಿಯುವ ಹೊತ್ತಿಗೆ ಇನ್ನೊಂದರದು ಆರಂಭವಾಗಿರುತ್ತದೆ. ಹೀಗೆ ವರ್ಷದ ಯಾವ ವಾರದಲ್ಲೇ ಆಗಲಿ, ಹುಳು ಹಾರಿ ತಲುಪುವಷ್ಟು ಹತ್ತಿರದಲ್ಲಿ ಒಂದಾದರೂ ಗಂಡು ಹೊಂಬಾಳೆ ಅರಳಿರುತ್ತದೆ, ಅದರ ಪಕ್ಕದಲ್ಲಿ ಇನ್ನೊಂದು ಒಣಗುತ್ತಿರುತ್ತದೆ. ಅರಳಿದ್ದು ದೊಡ್ಡವರ ಊಟದ ಮನೆ, ಒಣಗುತ್ತಿರುವುದು ಮಕ್ಕಳ ಮನೆ. ಹುಳುವಿನ ನೆಲೆ ಎಂದರೆ ನನ್ನ ಲೆಕ್ಕದಲ್ಲಿ ಕ್ಯಾಮರೂನ್ ದೇಶವಲ್ಲ, ಮಳೆಕಾಡೂ ಅಲ್ಲ. ಬಿಡುವಿಲ್ಲದೆ ಒಂದರ ಹಿಂದೊಂದು ಬರುವ ಈ ಗಂಡು ಹೊಂಬಾಳೆಗಳ ಸರಪಳಿ. ತವರಿನಲ್ಲಿ ಆ ಒಂದೇ ಹೊಂಬಾಳೆಯನ್ನು ಎಲೀಡೋಬಿಯಸ್ ಕುಲದ ಇನ್ನೂ ಹಲವು ಜಾತಿಗಳು, ಪ್ಲಾಜಿಯೇಟಸ್, ಸಿಂಗ್ಯುಲಾರಿಸ್ ಮೊದಲಾದವು, ಹಂಚಿಕೊಂಡು ಬಾಳುತ್ತವೆ.

ತಮ್ಮ ತೋಟದಲ್ಲಿ ಈ ಸರಪಳಿ ಕಡಿದಿದೆ. ಎಲ್ಲ ಮರಗಳೂ ಒಂದೇ ವಯಸ್ಸಿನವು. ಅದರಲ್ಲೂ ಎಳೆಯ ಮರಗಳು ಗೊಬ್ಬರ ನೀರು ಚೆನ್ನಾಗಿ ಸಿಕ್ಕರೆ ಹೆಚ್ಚಾಗಿ ಹೆಣ್ಣು ಹೊಂಬಾಳೆಗಳನ್ನೇ ಬಿಡುತ್ತವೆ. ರೈತನಿಗೆ ಅದು ಸಂತೋಷದ ಸುದ್ದಿ, ಹುಳುವಿಗೆ ಉಪವಾಸ. ಕಬ್ಬಿನಲ್ಲಾಗಲಿ ಲಂಟಾನದಲ್ಲಾಗಲಿ ಅದರ ಸಂತಾನ ಬೆಳೆಯುವುದಿಲ್ಲ. ಅಂಥ ತೋಟದಲ್ಲಿ ಬಂದ ನಾಲ್ಕು ಗಂಡು ಹೊಂಬಾಳೆಗಳನ್ನೂ ಸುಟ್ಟರೆ ಉಳಿಯುವುದೇನು?

ಇದರ ಹಿಂದೊಂದು ದೊಡ್ಡ ಕಥೆಯೇ ಇದೆ. 1848ರಲ್ಲಿ ಜಾವಾದ ಬೊಗೋರ್ ಸಸ್ಯೋದ್ಯಾನಕ್ಕೆ ನಾಲ್ಕು ತಾಳೆ ಸಸಿಗಳು ಬಂದವು. ಆಗ್ನೇಯ ಏಷ್ಯಾದ ತಾಳೆ ಬೇಸಾಯಕ್ಕೆ ಮೂಲ ಅವೇ. ಮರ ಬಂತು, ಹುಳು ಬರಲಿಲ್ಲ; ಬೀಜದಲ್ಲಿ ಪಯಣಿಸುವ ಹುಳುವಲ್ಲ ಇದು. ತಾಳೆಗೆ ಗಾಳಿಯಿಂದಲೇ ಪರಾಗಸ್ಪರ್ಶವಾಗುತ್ತದೆ ಎಂಬುದು ಆಗಿನ ನಂಬಿಕೆಯಾಗಿತ್ತು. ಮಲೇಷ್ಯಾದ ತೋಟಗಳಲ್ಲಿ ಕಾಯಿ ಕಚ್ಚದೆ, ಆಳುಗಳು ಮರದಿಂದ ಮರಕ್ಕೆ ಹೋಗಿ ಹೆಣ್ಣು ಹೂವಿಗೆ ಪರಾಗ ಊದಬೇಕಾಗಿತ್ತು. ಯುನಿಲಿವರ್ ಕಂಪನಿಯ ತೋಟಗಳಲ್ಲಿ ದುಡಿದ ಲೆಸ್ಲಿ ಡೇವಿಡ್‌ಸನ್ ಎಂಬಾತ ಮಲೇಷ್ಯಾ ಮತ್ತು ಕ್ಯಾಮರೂನ್ ಎರಡನ್ನೂ ಕಂಡವನು. ಕ್ಯಾಮರೂನಿನಲ್ಲಿ ಯಾರೂ ಪರಾಗ ಊದದಿದ್ದರೂ ಗೊನೆ ತುಂಬುವುದನ್ನೂ, ಹೂವಿನಲ್ಲಿ ಹುಳುಗಳು ಕಿಕ್ಕಿರಿದಿರುವುದನ್ನೂ ಆತ ಗಮನಿಸಿದ್ದ. ಅವನ ಒತ್ತಾಸೆಯಿಂದ ಕೀಟತಜ್ಞ ಆರ್. ಎ. ಸೈಯದ್ ಅವರು 1970ರ ದಶಕದ ಕೊನೆಯಲ್ಲಿ ಕ್ಯಾಮರೂನಿಗೆ ಹೋಗಿ ಅಧ್ಯಯನ ನಡೆಸಿ, ಕೆಲಸ ಕೀಟಗಳದೇ ಎಂದು ತೋರಿಸಿಕೊಟ್ಟರು. 1981ರಲ್ಲಿ ಹುಳುವನ್ನು ಮಲೇಷ್ಯಾದಲ್ಲಿ ಬಿಡಲಾಯಿತು, ಕೈಯಿಂದ ಪರಾಗ ಊದುವ ಕೆಲಸ ನಿಂತುಹೋಯಿತು. 1985ರಲ್ಲಿ ಅದು ಕೇರಳಕ್ಕೆ ಬಂತು. ಕೊಪ್ಪದ ಹೊಂಬಾಳೆಯ ಮೇಲೆ ಹರಿದಾಡುವ ಹುಳು ಆ ವಲಸೆಗಾರರ ಸಂತತಿ.

ನಂಜನಗೂಡು ರಸ್ತೆ

ಕಥೆ ಚೆನ್ನಾಗಿದೆ, ಆದರೆ ನನಗೆ ಅನುಮಾನ ಹೋಗುವುದಿಲ್ಲ. ಚೆಂದಕ್ಕೆಂದು ತಂದ ಲಂಟಾನ ಬಂಡೀಪುರದ ಕಾಡನ್ನು ಹೇಗೆ ನುಂಗಿದೆ ಎಂಬುದು ನಮ್ಮ ಕಣ್ಣೆದುರಿಗಿದೆ. ಗೋಧಿಯ ಜತೆ ಬಂತೆನ್ನುವ ಪಾರ್ಥೇನಿಯಂ ಊರ ತಿಪ್ಪೆಗಳಲ್ಲೆಲ್ಲ ನಿಂತಿದೆ. ಹೊರದೇಶದಿಂದ ತಂದುಬಿಟ್ಟ ಹುಳುವೊಂದು ನಾಳೆ ತೆಂಗಿಗೋ ಅಡಕೆಗೋ ಹತ್ತುವುದಿಲ್ಲವೆಂದು ಯಾರು ಹೊಣೆ ಹೊರುತ್ತಾರೆ?

ಸರಸ್ವತಿಪುರಂ ನಿವೃತ್ತ

ಅನುಮಾನ ಪಡುವುದು ತಪ್ಪಲ್ಲ, ಪಡದಿದ್ದರೇ ತಪ್ಪು. ಪಾರ್ಥೇನಿಯಂ ಮಾತು ತೆಗೆದದ್ದು ಒಳ್ಳೆಯದಾಯಿತು. ಅದನ್ನು ತಿನ್ನಲೆಂದು ಮೆಕ್ಸಿಕೋದಿಂದ ತರಿಸಿದ ಜೈಗೋಗ್ರಾಮಾ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಮಳೆಗಾಲದಲ್ಲಿ ಮೈಸೂರಿನ ಖಾಲಿ ನಿವೇಶನಗಳಲ್ಲಿ ಕಂದುಗೆರೆಯ ಆ ದುಂಬಿಗಳನ್ನು ನಾವೆಲ್ಲ ಕಂಡಿದ್ದೇವೆ. ಕೆಲವು ವರ್ಷಗಳಲ್ಲಿ ಅದು ಸೂರ್ಯಕಾಂತಿಯ ಎಲೆಯನ್ನೂ ಕೆರೆಯುತ್ತಿದೆ ಎಂಬ ಗದ್ದಲ ಎದ್ದಿತು. ಪಾರ್ಥೇನಿಯಂ ಪರಾಗ ಬಿದ್ದ ಎಲೆಗಳಿಗೆ ಅದು ಬಾಯಿ ಹಾಕುತ್ತಿದೆ ಎಂಬ ವಿವರಣೆ ಆಮೇಲೆ ಬಂತು. ಎಂದರೆ ಎಷ್ಟೇ ಪರೀಕ್ಷೆ ಮಾಡಿ ಬಿಟ್ಟರೂ ಹೊರಗಿನ ಜೀವಿಯ ಮೇಲೆ ಕಣ್ಣಿಟ್ಟೇ ಇರಬೇಕು, ಒಪ್ಪುತ್ತೇನೆ.

ಆದರೆ ಎರಡರ ಬದುಕೂ ಬೇರೆ ಬೇರೆ. ಆ ದುಂಬಿ ಎಲೆ ತಿನ್ನುವ ಜಾತಿ. ಎಲೆ ಎಲ್ಲೆಲ್ಲೂ ಇದೆ. ತಾಳೆಯ ಹುಳುವಿನ ಮರಿ ತಿನ್ನುವುದು ಕೆಲಸ ಮುಗಿಸಿ ಸಾಯುತ್ತಿರುವ ಗಂಡು ಕಿರುಹೂವನ್ನು. ಮರಕ್ಕೆ ಅದು ಹೇಗೂ ಬೇಡವಾದದ್ದು. ಬಿಡುಗಡೆಗೆ ಮುಂಚೆ ಇತರ ಗಿಡಮರಗಳ ಮೇಲೆ ಬಿಟ್ಟು ನೋಡಿ, ತಾಳೆಯ ಹೊರತು ಅದರ ವಂಶ ಬೆಳೆಯುವುದಿಲ್ಲವೆಂದು ಖಾತ್ರಿ ಮಾಡಿಕೊಂಡೇ ಮುಂದುವರಿದರು. ತೆಂಗು ಅಡಕೆಗಳಿಂದ ತುಂಬಿದ ಕೇರಳದಲ್ಲಿ ಅದು ನಾಲ್ಕು ದಶಕಗಳಿಂದ ಇದೆ. ಅದು ತೆಂಗಿನ ಪೀಡೆಯಾಗಿದ್ದರೆ ಪಾಂಡವಪುರದ ಗೆಳೆಯರಿಗೆ ಇಷ್ಟರಲ್ಲಿ ಸುದ್ದಿ ಮುಟ್ಟಿರುತ್ತಿತ್ತು.

ಪಾಂಡವಪುರದ ತೆಂಗು

ಮುಟ್ಟಿಲ್ಲ, ನಿಜ. ಕೆಂಪು ಮೂತಿ ಹುಳುವಿನ ಕೋಪದಲ್ಲಿ ಹೇಳಿದ ಮಾತು ಅದು. ಔಷಧಿ ಹೊಡೆಯಿರಿ ಎಂದದ್ದನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಆದರೂ ಕೊಪ್ಪದವರು ಒಣ ಹೊಂಬಾಳೆ ಬಿಡುವ ನೆಪದಲ್ಲಿ ತೋಟದಲ್ಲಿ ಕೊಳೆತ ಕಾಂಡ, ತೆರೆದ ಗೊಬ್ಬರದ ಗುಂಡಿಗಳನ್ನೂ ಹಾಗೇ ಬಿಡಬಾರದು. ಕುರುವಾಯಿ ದುಂಬಿ ಮರಿ ಮಾಡುವುದು ಅಲ್ಲೇ, ಅದು ತಾಳೆಯ ಸುಳಿಯನ್ನೂ ಕೊರೆಯುತ್ತದೆ.

ಹುಣಸೂರು ತೋಟದವಳು

ಹೌದು, ಎರಡನ್ನೂ ಬೆರೆಸಬಾರದು. ಗೊನೆ ಕೊಯ್ಯುವಾಗ ಉಳಿ ಹಿಡಿದವರಿಗೆ ಮುಂಚೆಯೇ ಹೇಳಿರಬೇಕು: ಒಣ ಗರಿ ತೆಗೆಯಿರಿ, ಗಂಡು ಹೊಂಬಾಳೆ ಮುಟ್ಟಬೇಡಿ. ತೋಟ ಚೊಕ್ಕಟವಾಗಿ ಕಾಣಲೆಂದು ಅವರು ಕಡಿದೇಬಿಡುತ್ತಾರೆ. ನಮ್ಮಲ್ಲಿ ಇದಕ್ಕಾಗಿಯೇ ಎರಡು ಸಲ ಜಗಳವಾಗಿದೆ.

ಕೊಪ್ಪದ ಅಣ್ಣನವರು ಈಗ ಮಾಡಬೇಕಾದದ್ದು ಇಷ್ಟೇ. ಹಳೆಯ ತೋಟವೊಂದರಲ್ಲಿ ಅರಳಿ ಮೂರು ನಾಲ್ಕು ದಿನವಾದ, ಹುಳು ತುಂಬಿದ ಗಂಡು ಹೊಂಬಾಳೆಯ ಕಡ್ಡಿಗಳನ್ನು ಬೆಳಗಿನ ತಂಪಿನಲ್ಲೇ ಕೊಯ್ದು, ಬಟ್ಟೆಯ ಚೀಲದಲ್ಲಿ ಸಡಿಲವಾಗಿ ತುಂಬಿ, ಅದೇ ದಿನ ತಂದು ಗಂಡು ಹೊಂಬಾಳೆ ಅರಳಿರುವ ಮರಗಳಿಗೆ ಕಟ್ಟಬೇಕು. ಪ್ಲಾಸ್ಟಿಕ್ ಚೀಲ ಬೇಡ, ಬೆವೆತು ಸಾಯುತ್ತವೆ. ಕಟ್ಟಿದ ಕಡ್ಡಿಗಳನ್ನು ಒಣಗಿದ ಮೇಲೂ ತೆಗೆಯಬೇಡಿ. ನಮ್ಮ ತೋಟದಲ್ಲಿ ಈಗ ಗಂಡು ಹೊಂಬಾಳೆಗೆ ಕೊರತೆಯಿಲ್ಲ. ಹೊಂಬಾಳೆ ಗಂಡೋ ಹೆಣ್ಣೋ ಎಂಬುದು ಅದು ಹೊರಬರುವ ಸುಮಾರು ಎರಡು ವರ್ಷ ಮುಂಚೆಯೇ ಮರದೊಳಗೆ ತೀರ್ಮಾನವಾಗಿರುತ್ತದಂತೆ, ನೀರಿನ ಬರ ಬಿದ್ದರೆ ಗಂಡೇ ಹೆಚ್ಚಂತೆ. 2023ರಲ್ಲಿ ಮಳೆ ಕೈಕೊಟ್ಟು ಬೋರ್‌ವೆಲ್ ಬತ್ತಿದ್ದಕ್ಕೆ ಮರ ಈಗ ಲೆಕ್ಕ ಒಪ್ಪಿಸುತ್ತಿದೆ ಎಂದು ನಮ್ಮ ಯಜಮಾನರು ನಗುತ್ತಾರೆ. ಬಂದು ಕೊಯ್ದುಕೊಂಡು ಹೋಗಿ, ದುಡ್ಡು ಬೇಡ.

ಕೊಪ್ಪದ ಬೆಳೆಗಾರ

ಏಳು ತಿಂಗಳ ಮೇಲೆ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮೆಯಿರಲಿ. ಹುಣಸೂರಿನ ಅಕ್ಕನವರ ತೋಟದಿಂದ ಎರಡು ಚೀಲ ಕಡ್ಡಿ ತಂದು ಹದಿನಾಲ್ಕು ಮರಗಳಿಗೆ ಕಟ್ಟಿದೆ. ನಾಲ್ಕು ಮರಗಳದು ಇರುವೆ ಮುತ್ತಿ ಹಾಳಾಯಿತು. ಅದರ ಮೇಲೆ ನಾಲೆಯಲ್ಲಿ ಕಟ್ಟು ಪದ್ಧತಿಯ ನೀರು. ನಮ್ಮ ಸರದಿ ತಪ್ಪಿ ಹದಿನೈದು ದಿನ ತೋಟ ಒಣಗಿತು. ಹೀಗಾಗಿ ಎಲ್ಲವೂ ಸುಸೂತ್ರವಾಯಿತೆಂದು ಹೇಳಲಾರೆ. ತೋಟದ ಪಶ್ಚಿಮದ ಅಂಚಿನಲ್ಲಿ ಗಂಡು ಹೊಂಬಾಳೆಯೇ ಬಂದಿರಲಿಲ್ಲ, ಅಲ್ಲಿನ ಗೊನೆಗಳು ಈಗಲೂ ಅರೆ ಜೊಳ್ಳು.

ನಡುವಿನ ಸಾಲುಗಳಲ್ಲಿ ಮಾತ್ರ ಬದಲಾವಣೆ ಕಾಣುತ್ತಿದೆ. ಕಟ್ಟಿ ಮೂರನೆಯ ವಾರಕ್ಕೆ ಬೇರೊಂದು ಮರದ ಗಂಡು ಹೊಂಬಾಳೆಯಲ್ಲಿ, ನಾನು ಏನನ್ನೂ ಕಟ್ಟದಿದ್ದ ಮರ ಅದು, ಹುಳುಗಳು ಕಾಣಿಸಿಕೊಂಡವು. ಅದಾದ ಕೆಲವು ದಿನಕ್ಕೆ ಅದರ ಎದುರಿನ ಮರದಲ್ಲಿ ಹೆಣ್ಣು ಹೊಂಬಾಳೆ ಅರಳಿತು. ಹೂವಿನ ತುದಿಗಳು ಕೆನೆಬಣ್ಣಕ್ಕಿದ್ದವು. ಸೋಂಪಿನ ವಾಸನೆ ಮೂಗಿಗೆ ಬಡಿಯಲು ಹತ್ತಿರ ಬಾಗಬೇಕಾಯಿತು. ಒಂದು ಗಂಟೆ ಅಲ್ಲೇ ಕುಕ್ಕರುಗಾಲಿನಲ್ಲಿ ಕುಳಿತು ನೋಡಿದೆ. ಹತ್ತಾರು ಹುಳುಗಳು ಬಂದವು, ಹೂವಿನ ಸಂದಿಗಳಲ್ಲಿ ಮೂತಿ ತೂರಿಸಿ ಓಡಾಡಿದವು, ಹೆಚ್ಚು ಹೊತ್ತು ನಿಲ್ಲದೆ ಹಾರಿಹೋದವು. ಮೂರನೆಯ ದಿನ ನೋಡಿದಾಗ ತುದಿಗಳು ನೇರಳೆಗೆ ತಿರುಗಿದ್ದವು, ಹುಳು ಒಂದೂ ಇರಲಿಲ್ಲ. ಆ ಮರಕ್ಕೆ ಕೆಂಪು ದಾರ ಕಟ್ಟಿ ಗುರುತಿಟ್ಟಿದ್ದೆ.

ನಿನ್ನೆ ಆ ಗೊನೆಯನ್ನು ಕೊಯ್ದೆವು. ನಮ್ಮ ಆಳು ಕೊಡಲಿಯಲ್ಲಿ ಎರಡು ಹೋಳು ಮಾಡಿ, ಒಳಗಿನ ಹಣ್ಣುಗಳನ್ನು ಬೆರಳಲ್ಲಿ ಒತ್ತಿ ಒತ್ತಿ ನೋಡಿ, ಬುಡದವರೆಗೂ ಬೀಜ ಕಟ್ಟಿದೆ ಎಂದ. ಆಮೇಲೆ ತಾನೇ ಹೋಗಿ ಪಶ್ಚಿಮದ ಅಂಚಿನಲ್ಲಿ ಈಗಷ್ಟೇ ಮೂಡುತ್ತಿರುವ ಹೊಂಬಾಳೆಗಳಲ್ಲಿ ಗಂಡು ಯಾವುದೆಂದು ಹುಡುಕುತ್ತ ನಿಂತ.